ಬಹುಮಾನ ಪಡೆದ ಕಲ್ಲು

"ಏ ಕುಂಟಿ, ನಿಮ್ಮಪ್ಪನ ಮದುವೆಗೆ ಒರೆಸ್ತಿದ್ದೀಯೇನೇ? ಕೈ ಆಡ್ಸು ಬೇಗ, ದೊಡ್ಡೋರು ಬರೋ ಹೊತ್ತಾಯ್ತು!"

ಸೂಪರ್‌ವೈಸರ್ ಬಕೆಟ್ಟಿಗೆ ಒದ್ದ. ಕೊಳೆನೀರು ಅವಳ ಎದೆಗೆ ರಾಚಿತು. ಅವಳು ತಲೆ ಎತ್ತಲಿಲ್ಲ. ಬಲಗಾಲು ಮಡಚಲು ಬಾರದು. ಅದನ್ನು ಪಕ್ಕಕ್ಕೆ ಚಾಚಿಕೊಂಡು, ತೆವಳಿಕೊಂಡೇ ಸಭಾಂಗಣದ ವೇದಿಕೆ ಒರೆಸುತ್ತಿದ್ದಳು.

ಕುಂಟಿ ಎಂಬ ಹೆಸರು ಕಾಲು ಮುರಿದ ಮೇಲೆ ಬಂದದ್ದು. ರೈಲು ಹಳಿಯ ಪಕ್ಕದ ಕೇರಿ ಇನ್ನೂ ನಿಂತಿದ್ದಾಗ ಅವಳನ್ನು ಎಲ್ಲರೂ ಗಾರೆಯವನ ತಾಯಿ ಎನ್ನುತ್ತಿದ್ದರು. ಕೇರಿಯ ಅರ್ಧ ಗೋಡೆಗಳು ಮಗನ ಕೈಯವೇ. ಆ ಮಗ ಈಗ ಜೈಲಿನಲ್ಲಿದ್ದ. ಕೇರಿ ಕೆಡವುವ ದಿನ ಕಲ್ಲೆಸೆದು ಪೊಲೀಸಿನವನೊಬ್ಬನನ್ನು ಕೊಂದನೆಂಬ ಆರೋಪ. ಕಳೆದ ಸಲ ನೋಡಲು ಹೋದಾಗ ಅವನ ಬೆರಳುಗಳು ಊದಿ ಕಪ್ಪಿಟ್ಟಿದ್ದವು.

"ಏನೋ ಇದು?"

"ಬಾಗಿಲಿಗೆ ಸಿಕ್ಕೊಂಡ್ತು, ಬಿಡಮ್ಮ."

ಹಿಂದೆ ನಿಂತಿದ್ದ ಕಾವಲಿನವನು ಕಿಸಕ್ಕನೆ ನಕ್ಕಿದ್ದ.

ವೇದಿಕೆಯ ಹಿಂಬದಿಗೆ ಆಳೆತ್ತರದ ಪಟ ಕಟ್ಟಿದ್ದರು. ನಗರಗಳ ಕುರಿತ ವರ್ಷದ ಅತ್ಯುತ್ತಮ ಅಧ್ಯಯನಕ್ಕೆ ಪ್ರಶಸ್ತಿ ಎಂದು ಅದರ ಮೇಲೆ ಬರೆದಿತ್ತು. ಅವಳಿಗೆ ಓದು ಬಾರದು. ಆದರೆ ಪಟದೊಳಗಿನ ಮುಖ ಚೆನ್ನಾಗಿ ಗೊತ್ತು. ಮೇಷ್ಟ್ರು. ವಿಶ್ವವಿದ್ಯಾಲಯದಿಂದ ಕೇರಿಯ ಬದುಕು ನೋಡಲು ಬಂದು, ಅವಳ ಮನೆಯ ಅಟ್ಟದ ಮೇಲೇ ಉಳಿದಿದ್ದವನು. "ಅಕ್ಕಾ, ಹೊಟ್ಟೆ ಚುರುಗುಟ್ಟುತ್ತೆ" ಎಂದು ಒಲೆಯ ಮುಂದೆ ಬಂದು ಕೂರುತ್ತಿದ್ದ. ಜ್ವರ ಏರಿ ಬಡಬಡಿಸುವಾಗ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು ಇದೇ ಮಗ.

ಕೆಡವುವ ದಿನ ಮೇಷ್ಟ್ರು ಎದುರು ಮನೆಯ ಮಾಳಿಗೆ ಹತ್ತಿ ನಿಂತಿದ್ದ. ಯಂತ್ರ ಬಂದು ಅವಳ ಮನೆಯ ಗೋಡೆಗೆ ಗುದ್ದಿತು. ಗೋಡೆ ಹೊರಕ್ಕೆ ಉರುಳಿತು. ಅದರಡಿ ಪೊಲೀಸಿನವನೂ ಸಿಕ್ಕ, ಅವಳೂ ಸಿಕ್ಕಳು. ಅವನ ಉಸಿರು ಅಲ್ಲೇ ನಿಂತಿತು. ಮಗ ಉಗುರು ಕಿತ್ತು ಬರುವಂತೆ ಅವಳ ಕಾಲ ಮೇಲಿನ ಕಲ್ಲುಗಳನ್ನು ಎತ್ತಿ ಎತ್ತಿ ಹಾಕುತ್ತಿರುವಾಗಲೇ ಲಾಠಿಗಳು ಅವನ ಬೆನ್ನಿಗೆ ಬಿದ್ದವು. ಈಗ ಪ್ರಶಸ್ತಿ ಪಡೆದ ಮೇಷ್ಟ್ರ ಪುಸ್ತಕದಲ್ಲಿ ಮಾತ್ರ ಗೋಡೆ ಉರುಳಲಿಲ್ಲ. ಅಲ್ಲಿ ಗಾರೆಯವನು ತಾನು ಕಟ್ಟಿದ ಗೋಡೆಯ ಕಲ್ಲು ಕಿತ್ತು ಪೊಲೀಸಿನವನ ತಲೆಗೆ ಬೀಸಿದ್ದ. ಸರ್ಕಾರಿ ವಕೀಲ ಆ ಸಾಲುಗಳನ್ನೇ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದ್ದ.

ಮೈಕು ಪರೀಕ್ಷಿಸಲು ಮೇಷ್ಟ್ರು ವೇದಿಕೆ ಹತ್ತಿದ. ಅವಳು ಗೋಡೆ ಹಿಡಿದು ಎದ್ದಳು.

"ಮೇಷ್ಟ್ರೇ."

"ಅಕ್ಕಾ! ನೀವಿಲ್ಲಿ?"

"ಒರ್ಸಕ್ಕಿದೀನಿ. ಒಂದ್ ಮಾತು ಸಾಕು. ಕೋರ್ಟಿಗೆ ಬಂದು, ಅವ್ನು ಎಸೀಲಿಲ್ಲ ಅನ್ನಿ. ಮೇಲಿಂದ ನೋಡಿದ್ರಲ್ಲ."

ಮೇಷ್ಟ್ರು ಸುತ್ತ ಕಣ್ಣಾಡಿಸಿ ದನಿ ತಗ್ಗಿಸಿದ. "ನೋಡಿದೆ ಅಕ್ಕ, ಇಲ್ಲ ಅಂತೀನಾ? ಆದ್ರೆ ಪುಸ್ತಕ ಅಂದ್ರೆ ಬರೀ ನೋಡಿದ್ದಲ್ಲ. ಅದ್ರಲ್ಲಿ ಅವನು ಇಡೀ ಕೇರಿಯ ಸಿಟ್ಟು. ಓದಿದೋರೆಲ್ಲ ಅವನನ್ನ ವೀರ ಅಂತಿದಾರೆ, ಗೊತ್ತಾ?"

"ವೀರನ್ನ ನೇಣಿಗೆ ಹಾಕ್ತಾರಂತೆ."

"ಇವತ್ತೊಂದಿನ ಬಿಟ್ಬಿಡಿ. ಆಮೇಲೆ ಕೂತು ಮಾತಾಡೋಣ."

"ಸುಳ್ಳು ಬರ್ದೆ ಅಂದ್ರೆ ಬಹುಮಾನ ಹೋಗುತ್ತೆ, ಅಷ್ಟೇ ಅಲ್ವಾ?" ಅವಳು ಅವನ ಕೋಟಿನ ತೋಳು ಹಿಡಿದಳು. "ನನಗೆ ಮಗ ಹೋಗ್ತಾನೆ ಮೇಷ್ಟ್ರೇ!"

ಸೂಪರ್‌ವೈಸರ್ ಓಡಿಬಂದವನೇ ಅವಳ ಕೆನ್ನೆಗೆ ಬಾರಿಸಿದ. "ಹಲ್ಕಾ ಮುಂಡೆ, ಯಾರ ಮೈ ಮುಟ್ತಿದ್ದೀಯೇ?" ಜುಟ್ಟು ಹಿಡಿದು ಪರದೆಯ ಹಿಂದಕ್ಕೆ ಎಳೆದ. ಮೆಟ್ಟಿಲಿನ ಅಂಚಿಗೆ ಬಡಿದು ತುಟಿ ಸೀಳಿತು. "ಇಲ್ಲೇ ಬಿದ್ದಿರು. ಉಸಿರು ಬಿಟ್ರೆ ಹಲ್ಲು ಉದುರಿಸ್ತೀನಿ."

ಮೇಷ್ಟ್ರು ತೋಳಿನ ಮೇಲಿನ ಒದ್ದೆ ಗುರುತನ್ನು ಕರವಸ್ತ್ರದಿಂದ ಒತ್ತಿಕೊಳ್ಳುತ್ತಾ ಇಳಿದು ಹೋದ.

ಸಭಾಂಗಣ ತುಂಬಿತು. ಕೇರಿ ಕೆಡವಲು ಸಹಿ ಹಾಕಿದ್ದ ನಗರಾಡಳಿತದ ಮುಖ್ಯಾಧಿಕಾರಿಯೇ ಪ್ರಶಸ್ತಿ ಕೊಡುವವನು. "ನಮ್ಮನ್ನು ಬೈದ ಪುಸ್ತಕಕ್ಕೆ ನಾವೇ ಬಹುಮಾನ ಕೊಡ್ತಿದ್ದೇವೆ. ದೊಡ್ಡ ನಗರಕ್ಕೆ ದೊಡ್ಡ ಮನಸ್ಸೂ ಇರಬೇಕಲ್ಲವೇ?" ಎಂದು ಅವನು ಮೇಷ್ಟ್ರನ್ನು ತಬ್ಬಿಕೊಂಡ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಗೋಪುರದ ಆಕಾರದ ದಪ್ಪ ಗಾಜಿನ ಪ್ರಶಸ್ತಿಯನ್ನು ಮೇಜಿನ ಮೇಲಿಟ್ಟು ಮೇಷ್ಟ್ರು ಪುಸ್ತಕ ತೆರೆದ.

"ಗಾರೆಯವನು ಬಾಗಿದ. ತಾನಿಟ್ಟ ಕಲ್ಲನ್ನು ತಾನೇ ಕಿತ್ತ. ಅವನ ಕೈ ಮೇಲೆದ್ದಾಗ ಇಡೀ ನಗರ ಉಸಿರು ಬಿಗಿಹಿಡಿಯಿತು..."

ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

"ಸುಳ್ಳು!"

ಗಾರೆಯವನ ತಾಯಿ ಪರದೆ ಸರಿಸಿ, ಕಾಲೆಳೆಯುತ್ತಾ ಬೆಳಕಿಗೆ ಬಂದಳು. ಗಲ್ಲದಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ನನ್ ಮಗ ಬಗ್ಗಿದ್ದು ನನ್ ಕಾಲ್ ಮೇಲಿನ ಕಲ್ಲು ಎತ್ತಕ್ಕೆ ಕಣೋ, ಸೂಳೆಮಗನೆ! ನನ್ ಮನೇಲಿ ಉಂಡು ನನ್ ಮಗನ ಕತ್ತು ಕುಯ್ದೆಯಲ್ಲೋ!"

ಇದೂ ಕಾರ್ಯಕ್ರಮದ ಭಾಗವಿರಬೇಕೆಂದು ಹಿಂದಿನ ಸಾಲಿನವರಾರೋ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಮೈಕಿಗೆ ಬಾಗಿದ. "ಯಾರೂ ಗಾಬರಿಯಾಗಬೇಡಿ. ಇವರು ನನಗೆ ಅಕ್ಕ ಇದ್ದ ಹಾಗೆ. ಪಾಪ, ನೋವಿನಲ್ಲಿ ಮಾತಾಡ್ತಿದಾರೆ..."

ಅವಳು ಮೇಜಿನ ಮೇಲಿದ್ದ ಗಾಜಿನ ಗೋಪುರಕ್ಕೆ ಕೈ ಹಾಕಿದಳು. ಎರಡೂ ಕೈಯಲ್ಲಿ ಎತ್ತಿ, ಮೈಯೆಲ್ಲ ತಿರುವಿ ಬೀಸಿದಳು. ಅದು ಮೇಷ್ಟ್ರ ಹುಬ್ಬಿಗೆ ಬಡಿದು, ನೆಲಕ್ಕೆ ಬಿದ್ದು ಚೂರುಚೂರಾಯಿತು. ತೆರೆದ ಪುಸ್ತಕದ ಮೇಲೆ ರಕ್ತ ಸುರಿಯಿತು.

"ಎಸೆಯೋದು ಅಂದ್ರೆ ಹಿಂಗೆ! ಇದನ್ನ ಬರ್ಕೊಳೋ!"

ಗಾರ್ಡುಗಳು ಅವಳನ್ನು ಗಾಜಿನ ಚೂರುಗಳ ಮೇಲೇ ಕೆಡವಿದರು. ಒಬ್ಬ ಕತ್ತಿನ ಮೇಲೆ ಮಂಡಿ ಊರಿದ. ಇನ್ನೊಬ್ಬ ಪಕ್ಕೆಗೆ ಒದ್ದ. ಸೂಪರ್‌ವೈಸರ್ ಕೂಡ ಓಡಿಬಂದು ಎರಡು ಒದ್ದ. ಸಭೆಯಲ್ಲಿ ಒಬ್ಬರೂ ಮಿಸುಕಲಿಲ್ಲ.

"ಇವಳೇ!" ಮೇಷ್ಟ್ರು ಹುಬ್ಬು ಒತ್ತಿ ಹಿಡಿದು ಕಿರುಚುತ್ತಿದ್ದ. "ಇವಳೇ ಎಸೆದಿದ್ದು! ನನ್ನ ಕಣ್ಣಾರೆ ನೋಡಿದೀನಿ! ಯಾವ ಕೋರ್ಟಿಗೆ ಬೇಕಾದ್ರೂ ಬಂದು ಸಾಕ್ಷಿ ಹೇಳ್ತೀನಿ!"

ನೆಲಕ್ಕೆ ಕೆನ್ನೆ ಒತ್ತಿಹೋಗಿದ್ದ ಅವಳಿಗೆ ನಗು ಬಂತು. ನಕ್ಕಾಗ ಬಾಯಿಂದ ರಕ್ತದ ಗುಳ್ಳೆಗಳೆದ್ದವು. ಆ ನಗು ಕೇಳಿದ ಗಾರ್ಡು ಒದೆಯುವುದನ್ನು ನಿಲ್ಲಿಸಿ ಅವಳ ಕಾಲುಗಳನ್ನು ನೋಡಿದ. ಆಮೇಲೆ ಊನವಿಲ್ಲದ ಎಡಗಾಲನ್ನೇ ಆರಿಸಿ ಬೂಟೆತ್ತಿದ.