ಎಲ್ಲ ಮನೆಯಲ್ಲೂ ಐದು

ಅಂಬುಜಾ ಮಳವಳ್ಳಿ ಕಡೆಯ ಹುಡುಗಿ. ಸಂವಹನದಲ್ಲಿ ಎಂ.ಎ. ಓದಲು ಚೆನ್ನೈಗೆ ಬಂದು, ತಾಂಬರಂನ ರೈಲ್ವೆ ಕ್ವಾರ್ಟರ್ಸಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು. ಕೇಬಲ್ ಟಿವಿ ಬಂದ ಮೇಲೆ ಮನೆಮಂದಿಯ ಮಾತುಕತೆ ಏನಾಯಿತು ಎಂಬುದು ಅವಳ ಅಧ್ಯಯನ. ಅಕ್ಕಪಕ್ಕದ ಕನ್ನಡದ ಮನೆಗಳಿಗೆಲ್ಲ ಪ್ರಶ್ನಾವಳಿ ಹಂಚಿದ್ದಳು. ಪ್ರತಿ ಹೇಳಿಕೆಯ ಮುಂದೆ ಒಂದರಿಂದ ಐದರವರೆಗೆ ಅಂಕಿ. ಒಪ್ಪದಿದ್ದರೆ ಒಂದಕ್ಕೆ, ಪೂರಾ ಒಪ್ಪಿದರೆ ಐದಕ್ಕೆ ಸುತ್ತು ಹಾಕಬೇಕು.

ಕಾಲೇಜಿನಲ್ಲಿ ಅವಳ ಮಾರ್ಗದರ್ಶಿ ಮಲರ್‌ವಿಳಿ ಮೇಡಂ ತುಂಬಿ ಬಂದ ಹಾಳೆಗಳನ್ನು ನಿಧಾನವಾಗಿ ತಿರುವಿದರು. ಆಮೇಲೆ ತಮಿಳಿನಲ್ಲಿ ಕೇಳಿದರು.

"ಟಿವಿಯಿಂದ ಮಾತು ಕಡಿಮೆಯಾಗಿದೆ ಅನ್ನೋದಕ್ಕೂ ಐದು, ಜಾಸ್ತಿಯಾಗಿದೆ ಅನ್ನೋದಕ್ಕೂ ಐದು. ಎಲ್ಲ ಮನೆಯಲ್ಲೂ ಹಿಂಗೇ. ನಿಜ ಹೇಳು, ನೀನೇ ಕೂತು ತುಂಬಿದ್ಯಾ?"

"ಇಲ್ಲ ಮೇಡಂ! ಸಂಜೆ ಕೊಟ್ಟು ಮಾರನೇ ದಿನ ಇಸ್ಕೊಂಡು ಬಂದೆ."

"ಸುಳ್ಳು ಲೆಕ್ಕಕ್ಕೆ ನಾನು ಸಹಿ ಹಾಕಲ್ಲ, ಆ ಮನೆಗಳಿಗೆ ನಾನೇ ಬರ್ತೀನಿ. ಅಲ್ಲೀತನಕ ಯಾರಿಗೂ ಏನೂ ಹೇಳಿಕೊಡಬೇಡ."

ಸಹಿ ಬೀಳದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಡಿಗ್ರಿಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೇಡಂ ಕಣ್ಣಿಗೆ ಕಳ್ಳಿಯಾಗಿ ಕಂಡೆನಲ್ಲ ಎಂಬುದು ಅಂಬುಜಾಳನ್ನು ಕೊರೆಯುತ್ತಿತ್ತು. ಚಿಕ್ಕಮ್ಮ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಭಾನುವಾರ ಮೇಡಂ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬಂದಿಳಿದರು. ಮೊದಲ ಬಾಗಿಲು ಪಕ್ಕದ ಮನೆಯ ಚಿಕ್ಕತಾಯಮ್ಮನದು. ಗಂಡ ಸಿಗ್ನಲ್ ವಿಭಾಗದ ನೌಕರರು. ಆಕೆಯ ತಮಿಳು ಕನ್ನಡದಷ್ಟೇ ಸಲೀಸು. ಮೇಡಂ ಕಾಲೇಜಿನವರೆಂದು ತಿಳಿದದ್ದೇ ತಡ, ಕುರ್ಚಿಯನ್ನು ಸೆರಗಿನಲ್ಲಿ ಒರೆಸಿದರು.

"ಉಕ್ಕಾರುಂಗ ಅಮ್ಮಾ, ಕೂತ್ಕೊಳ್ಳಿ. ಈ ಕೂಸಿಗೆ ಮಾರ್ಕು ಕೊಡೋರು ನೀವೇನಾ? ನಾವು ಆಗಲೇ ಕೊಟ್ಟಿದೀವಿ ನೋಡಿ."

"ಏನು ಕೊಟ್ಟಿದೀರಿ?"

"ಐದಕ್ಕೆ ಐದು! ನಮ್ಮ ಯಜಮಾನ್ರು ಒಂದ್ಕಡೆ ಎರಡು ಹಾಕಕ್ಕೆ ಹೋದ್ರು. ಪೆನ್ನು ಕಿತ್ಕೊಂಡೆ. ಊರು ಬಿಟ್ಟು ಬಂದು ಓದೋ ಮಗ, ನಮ್ಮ ಮನೇಲಿ ಫೇಲಾಗಬೇಕಾ? ಆಚೆಮನೆ ಬೋರಮ್ಮಂಗೂ ಹೇಳ್ದೆ, ಒಂದು ಮಾರ್ಕೂ ಕಮ್ಮಿ ಮಾಡ್ಬೇಡ ಅಂತ. ಲೈನಿನೋರೆಲ್ಲ ಹಾಕವ್ರೆ."

ಮೇಡಂ ಅಂಬುಜಾಳ ಮುಖ ನೋಡಿದರು. ಅವರ ತುಟಿ ಅದುರಿತು; ಆಮೇಲೆ ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅನುಮಾನ ಪಟ್ಟೆ, ತಪ್ಪು ನಂದು," ಎಂದರು. "ಆದರೂ ಹಾಳೆ ಕೊಟ್ಟು ಬಂದುಬಿಟ್ಟೆಯಲ್ಲ, ಕೂತು ಕೇಳಬೇಕಿತ್ತು. ಅಂಕಿ ತೆಗೆದುಹಾಕು. ಮಾತಲ್ಲೇ ಕೇಳು. ಇದನ್ನು ಪೂರ್ವಪರೀಕ್ಷೆ, ಅಂದ್ರೆ ಮೊದಲ ಪ್ರಯೋಗ ಅಂತ ಬರಿ, ಏನಾಯ್ತು ಅನ್ನೋದನ್ನೂ ಬರಿ. ಹೊಸದಾಗಿ ಮಾಡಿ ತಾ, ಸಹಿ ಹಾಕ್ತೀನಿ."

ಎದೆಯ ಮೇಲಿನ ಕಲ್ಲು ಸರಿದಂತಾಗಿ, ಅಂಬುಜಾ ಹೊಸ್ತಿಲ ಬಳಿ ಅಲ್ಲೇ ಕೂತುಬಿಟ್ಟಳು.

"ಈಗಲೇ ಒಂದು ಕೇಳು, ನೋಡೋಣ," ಎಂದರು ಮೇಡಂ.

"ಅಮ್ಮಾ, ಇದು ಮಾರ್ಕಲ್ಲ. ಟಿವಿ ಬಂದ್ಮೇಲೆ ನಿಮ್ಮನೇಲಿ ಮಾತುಕತೆ ಜಾಸ್ತಿಯಾಗಿದೆಯಾ?"

"ಜಾಸ್ತಿಯಾ?" ಚಿಕ್ಕತಾಯಮ್ಮ ಒಳಕೋಣೆಯತ್ತ ದನಿ ಏರಿಸಿದರು. "ಕೇಳುಸ್ತಾ? ಬೆಳಗ್ಗಿಂದ ಆ ಪೆಟ್ಟಿಗೆ ಮುಂದೆ ಕೂತವ್ರೆ. ನನ್ನ ಜೊತೆ ಮಾತಾಡಿ ಯಾವ ಕಾಲ ಆಯ್ತೋ!"

"ಕ್ರಿಕೆಟ್ಟು ಮುಗೀಲಿ ಇರೇ," ಎಂದಿತು ಒಳಗಿನ ಗಂಡುದನಿ.

ಮೇಡಂ ಮತ್ತೆ ನಕ್ಕರು. ಚಿಕ್ಕತಾಯಮ್ಮ ಇಬ್ಬರ ಕೈಗೂ ಉಪ್ಪಿಟ್ಟಿನ ತಟ್ಟೆ ಕೊಟ್ಟರು. ಅಂಬುಜಾ ಬಳಿದು ತಿಂದು, ನಾಚಿಕೆಪಡದೆ ಇನ್ನೊಂದಿಷ್ಟು ಕೇಳಿದಳು.