ಕರಿಯವಳ ಎತ್ತರದ ಕೋಲು

ಪೋಲೋ ಕೋಲು ಕೊಳ್ಳಲು ಬರುವವರನ್ನು ಕಂಡರೆ ನನಗೆ ಮೊದಲು ಬರುವುದು ಸಿಟ್ಟು. ಒಬ್ಬರು ಹಿಡಿಯ ಬಣ್ಣ ನೋಡುತ್ತಾರೆ. ಇನ್ನೊಬ್ಬರು ಕೋಲನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎದೆಗೆ ಬಂತೋ ಭುಜಕ್ಕೆ ಬಂತೋ ಎಂದು ಅಳೆಯುತ್ತಾರೆ. ಅದೇನು ಊರುಗೋಲೇ? ಕುದುರೆ ಓಡುತ್ತಿರುವಾಗಲೇ ಬಗ್ಗಿ ನೆಲದ ಮೇಲಿನ ಚೆಂಡನ್ನು ಹೊಡೆಯುವ ಆಟ ಇದು. ಕೋಲು ಎಷ್ಟುದ್ದ ಇರಬೇಕೆಂದು ಹೇಳುವುದು ಸವಾರರಲ್ಲ, ಕುದುರೆಯ ಬೆನ್ನು. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನನ್ನ ಸ್ವಂತ ಅಕ್ಕನಿಗೂ ಹೇಳಬೇಕಾಗಿ ಬರುತ್ತದೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ಅಪ್ಪನ ಕಾಲದಿಂದಲೂ ನಮ್ಮದು ಕೋಲು ಮಾಡುವ ಮನೆ. ಅಂಗಡಿಯ ಸೂರಿನಿಂದ ಬೆತ್ತಗಳು ತೂಗುತ್ತಿರುತ್ತವೆ. ಮಧ್ಯಾಹ್ನ ಕಿಟಕಿಯ ಬಿಸಿಲು ಒಳಗೆ ಬಂದಾಗ ಮರದ ಪುಡಿ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ, ಬೆತ್ತಗಳ ನೆರಳು ಗೋಡೆಯ ಮೇಲೆ ತಾನೇ ತಾನಾಗಿ ಅಲ್ಲಾಡುತ್ತದೆ, ವಾರ್ನಿಶ್ ವಾಸನೆಗೆ ಕಣ್ಣು ಎಳೆಯುತ್ತದೆ. ನಟ್ಟನಡುವೆ ಮರದ ಕುದುರೆ. ಅಕ್ಕನಿಗೆ ಕಪ್ಪು ಹೆಣ್ಣು ಕುದುರೆಯೊಂದು ಬಂದಾಗ, ಮನೆಯಲ್ಲೂ ಕೈ ಪಳಗಲಿ ಎಂದು ಅಪ್ಪ ಅದರ ಮೈಗೆ ಹುರಿ ಹಿಡಿದು ಅಳೆದು ಇದನ್ನು ಮಾಡಿದ್ದರು. ನಾವು ಆ ಕುದುರೆಯನ್ನು ಕರಿಯವಳು ಎನ್ನುತ್ತಿದ್ದೆವು.

ಹೋದ ಚಳಿಗಾಲ ಕರಿಯವಳು ತೀರಿಕೊಂಡಳು. ಅಕ್ಕ ಬಹಳ ದಿನ ಮೈದಾನದ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಕಂದು ಕುದುರೆ ತಂದಳು. ತಂದಂದಿನಿಂದ ಒಂದು ಚೆಂಡೂ ಸರಿಯಾಗಿ ಸಿಕ್ಕಿರಲಿಲ್ಲ. ಕೋಲಿನ ತಲೆ ನೆಲಕ್ಕೆ ಬಡಿದು ಹುಲ್ಲು ಕಿತ್ತು ಬರುತ್ತಿತ್ತು, ಚೆಂಡು ಇದ್ದಲ್ಲೇ ಇರುತ್ತಿತ್ತು. ತಂಡದ ನಾಯಕ ಕಡೆಗೂ ಬಾಯಿಬಿಟ್ಟು ಹೇಳಿಬಿಟ್ಟಿದ್ದ. ಇವತ್ತು ಸಂಜೆಯೂ ಹೀಗೇ ಆದರೆ ಅವಳ ಜಾಗ ಬೇರೆಯವರಿಗೆ ಎಂದು. ಆಟ ಬಿಟ್ಟರೆ ಅಕ್ಕನಿಗೆ ಬೇರೆ ಉಸಿರಿಲ್ಲ. ಅವಳು ಕಣ್ಣನ್ನೂ ದೂರಲಿಲ್ಲ, ಕೈಯನ್ನೂ ದೂರಲಿಲ್ಲ, ನನ್ನ ಕೋಲನ್ನು ದೂರಿದಳು. ಇದು ಬಳುಕುತ್ತೆ, ಅದು ಬಿಗಿ, ಇನ್ನೊಂದರ ತಲೆ ಭಾರ. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಆದರೂ ಹಲ್ಲು ಕಚ್ಚಿ ಹೊಸ ಹೊಸದು ಮಾಡಿಕೊಟ್ಟೆ. ಕುದುರೆಯ ಎತ್ತರ ಎಷ್ಟು ಎಂದು ಕೇಳಿದ್ದೆ. ಹಳೆಯದರಷ್ಟೇ ಎಂದಿದ್ದಳು. ಹೋಗಿ ನೋಡಬೇಕೆಂದು ನನಗೂ ಅನಿಸಲಿಲ್ಲ. ಕರಿಯವಳ ಲಾಯದಲ್ಲಿ ಇನ್ನೊಂದು ಕುದುರೆಯನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ಅವತ್ತೇ ಮಧ್ಯಾಹ್ನ ಅಕ್ಕ ಕೊನೆಯ ಕೋಲು ಆರಿಸಲು ಬಂದಳು. ಮೊದಲು ಮರದ ಕುದುರೆಯ ಪಕ್ಕ ನಿಂತು ಅದರ ಬೆನ್ನಿನ ಮೇಲೆ ಗಲ್ಲ ಊರಿದಳು. ಕರಿಯವಳ ಮೇಲೂ ಹೀಗೇ ಊರಿ ನಿಲ್ಲುತ್ತಿದ್ದಳು, ಹತ್ತುವ ಮುಂಚೆ. ಆಮೇಲೆ ಹತ್ತಿ ಕೂತು, ಕೋಲಿನ ಹಿಡಿಯ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಕಣ್ಣು ಮುಚ್ಚಿದಳು. ನಾನು ಚೆಂಡು ಇಟ್ಟೆ. ಕೋಲು ನಿಧಾನವಾಗಿ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ದೊಡ್ಡದೊಂದು ಸುತ್ತು ಬಂದು, ಟಕ್ ಎಂದಿತು. ಚೆಂಡು ಮೂಲೆಯ ಬಲೆಯಲ್ಲಿ ಬಿತ್ತು. ಇನ್ನೊಂದು ಕೋಲು ಕೊಟ್ಟೆ. ಟಕ್. ಬಳುಕುವುದು, ಬಿಗಿಯಾದದ್ದು, ಯಾವುದು ಕೊಟ್ಟರೂ ಟಕ್. ಬಿಸಿಲು ಅವಳ ಮುಖದ ಮೇಲಿತ್ತು. ಮರದ ಕುದುರೆ ಓಡುತ್ತಿದೆಯೇನೋ, ಅಂಗಡಿಯೇ ಹಿಂದಕ್ಕೆ ಸರಿಯುತ್ತಿದೆಯೇನೋ ಎಂದು ನನಗೂ ಅನಿಸತೊಡಗಿತು.

"ಇದೇ ಇರ್ಲಿ," ಎಂದಳು ಕಣ್ಣು ಬಿಡದೆ. "ಇದ್ರಲ್ಲಿ ಅವಳ ಹೆಜ್ಜೆ ಕೇಳಿಸುತ್ತೆ."

ನನ್ನ ಕೈಯಲ್ಲಿದ್ದ ಚೆಂಡು ಕೈಯಲ್ಲೇ ಉಳಿಯಿತು. ಇಷ್ಟು ದಿನ ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತೇ?

"ಅಕ್ಕ, ಹೊಸದರ ಬೆನ್ನಿನ ಮೇಲೆ ಗಲ್ಲ ಊರ್ತೀಯಾ?"

ಅವಳು ಕಣ್ಣು ಬಿಟ್ಟಳು. ಇಲ್ಲ ಎಂದು ತಲೆಯಾಡಿಸಿದಳು. ಯಾಕೆ ಎಂದೆ.

"ಬಗ್ಗಬೇಕಾಗುತ್ತೆ," ಎಂದಳು.

ಇಬ್ಬರಿಗೂ ಗೊತ್ತಾಯಿತು. ಕಂದು ಕುದುರೆ ಕರಿಯವಳಿಗಿಂತ ಗಿಡ್ಡ. ಸತ್ತವಳ ಬೆನ್ನಿನಿಂದ ನೆಲಕ್ಕೆ ಎಷ್ಟು ದೂರವೋ ಅಷ್ಟುದ್ದದ ಕೋಲನ್ನೇ ಅಕ್ಕ ಆರಿಸುತ್ತ ಬಂದಿದ್ದಳು, ನಾನು ಮಾಡಿಕೊಡುತ್ತ ಬಂದಿದ್ದೆ. ಗಿಡ್ಡದೊಂದು ತೆಗೆದುಕೊಟ್ಟೆ. ಮರದ ಕುದುರೆಯ ಮೇಲಿಂದ ಅದು ಚೆಂಡಿಗೆ ಎಟುಕಲೇ ಇಲ್ಲ. ನೋಡು, ಇದಾಗಲ್ಲ ಎಂದು ಅಕ್ಕ ಅದನ್ನು ಪಕ್ಕಕ್ಕಿಟ್ಟಳು, ಅರ್ಧ ಸಮಾಧಾನದಿಂದಲೇ.

ನಾನು ಗೋಡೆಯಿಂದ ಗರಗಸ ಇಳಿಸಿ ಮರದ ಕುದುರೆಯ ಕಾಲಿನ ಹತ್ತಿರ ಬಂದೆ. ಅಕ್ಕ ಸರಕ್ಕನೆ ಕೆಳಗಿಳಿದು ಅಡ್ಡ ನಿಂತಳು.

"ಅಪ್ಪ ಮಾಡಿದ್ದು ಕಣೆ."

"ಅಪ್ಪ ಇದ್ದಿದ್ರೆ ಅವ್ರೇ ಕೊಯ್ತಿದ್ರು. ಪಕ್ಕಕ್ಕೆ ಬಾ."

ಜೋರು ಬಾಯಲ್ಲಿ ಮಾತ್ರ. ಆ ಕಾಲುಗಳನ್ನು ಅಪ್ಪ ಉಜ್ಜುಕಾಗದ ಹಿಡಿದು ನುಣುಪು ಮಾಡುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಗರಗಸ ಇಟ್ಟರೂ ಕೈ ಮುಂದಕ್ಕೆ ಹೋಗಲಿಲ್ಲ. ಆಗ ಅಕ್ಕ ನೆಲದ ಮೇಲೆ ಕೂತು ಕುದುರೆಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕರಿಯವಳ ಗೊರಸಿನ ಮಣ್ಣು ಕೆರೆಯುವಾಗ ಹಿಡಿಯುತ್ತಿದ್ದ ಹಾಗೆ.

"ಅಲ್ಲಾಡದ ಹಾಗೆ ಹಿಡ್ಕೋತೀನಿ. ಕೊಯ್ಯಿ," ಎಂದಳು.

ಕಂದು ಕುದುರೆ ಇಷ್ಟೆತ್ತರ ಎಂದು ಅಕ್ಕ ಕೈಯಲ್ಲಿ ತೋರಿಸಿದಷ್ಟಕ್ಕೆ ನಾಲ್ಕೂ ಕಾಲು ಗಿಡ್ಡವಾದವು. ಅಕ್ಕ ಮತ್ತೆ ಹತ್ತಿ ಗಿಡ್ಡ ಕೋಲು ಹಿಡಿದಳು. ಮೊದಲ ಸಲ ತಪ್ಪಿತು, ಎರಡನೆಯದೂ ತಪ್ಪಿತು. ಆಮೇಲೆ ಕಣ್ಣು ಬಿಟ್ಟುಕೊಂಡೇ ಬೀಸಿದಳು, ಚೆಂಡಿಗೆ ತಾಗಿತು. ಈಗ ಅವಳ ಹೆಜ್ಜೆ ಕೇಳಿಸುತ್ತಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಕೋಲಿನ ಹಿಡಿಗೆ ಅಂಟಿದ್ದ ಮರದ ಪುಡಿ ಒರೆಸಿಕೊಟ್ಟೆ.

ಸಂಜೆ ನಾನೂ ಮೈದಾನಕ್ಕೆ ಹೋಗಿ ಬೇಲಿಯ ಹತ್ತಿರ ನಿಂತೆ. ಕಂದು ಕುದುರೆಯನ್ನು ನೆಟ್ಟಗೆ ನೋಡಿದ್ದು ಅಂದೇ ಮೊದಲು. ಪಾಪದ್ದು, ಕಿವಿ ನಿಮಿರಿಸಿಕೊಂಡು ಯಾರನ್ನೋ ಕಾಯುವಂತೆ ನಿಂತಿತ್ತು. ಅಕ್ಕ ಅದರ ಪಕ್ಕ ಹೋದಳು. ನಾಯಕ ಎರಡು ಸಲ ಕರೆದ, ಅವಳು ಓಗೊಡಲಿಲ್ಲ. ಬಗ್ಗಿ, ಅದರ ಬೆನ್ನಿನ ಮೇಲೆ ಗಲ್ಲ ಊರಿದಳು. ಆಮೇಲೆ ಹತ್ತಿದಳು.

ಕುದುರೆ ಓಡಿತು. ಕೋಲು ಮೇಲೆದ್ದಾಗ ನೋಡಲಾರದೆ ನಾನು ಕಣ್ಣು ಮುಚ್ಚಿಕೊಂಡೆ. ಹುಲ್ಲು ಕಿತ್ತ ಸದ್ದು ಬರಲಿಲ್ಲ. ಟಕ್ ಎಂದಿತು.