ಹಳದಿ ದಾರದ ವರ್ಷ

ಹಾವೇರಿಯ ಕಾಲೇಜೊಂದರ ನೋಟಿಸ್ ಬೋರ್ಡಿನಲ್ಲಿ ಬಿಬಿಎ ಎರಡನೇ ವರ್ಷದವರ ತರಬೇತಿ ಪಟ್ಟಿ ಅಂಟಿಸಿ ನಾಲ್ಕು ದಿನವಾಗಿತ್ತು. ರಾಣೆಬೆನ್ನೂರಿನ ಬೀಜದ ಕಂಪನಿಯ ಎದುರು ಇದ್ದ ಹೆಸರು ನೀಲಾ ಗುಡದಪ್ಪ, ಐರಣಿ. ಐದನೇ ದಿನ ಆ ಹೆಸರಿನ ಮೇಲೆ ವೈಟ್ನರ್ ಬಳಿದು, ಒಣಗಿದ ಮೇಲೆ ಮಧು ಮನೋಹರ, ಬ್ಯಾಡಗಿ ಎಂದು ಬರೆಯಲಾಯಿತು.

ನೀಲಾಳ ಫೋನು ಬಂದಾಗ ಅವಳ ತಾಯಿ ಮಂಗಳವ್ವ ಐರಣಿಯ ಹತ್ತಿ ಹೊಲದಲ್ಲಿ ಎದೆಮಟ್ಟದ ಗಿಡಗಳ ನಡುವೆ ನಿಂತಿದ್ದಳು. ಬೆಳಗಿನ ಹೊತ್ತು, ಕ್ರಾಸಿಂಗ್ ಕೆಲಸ. ಹಿಂದಿನ ಸಂಜೆ ಹೆಣ್ಣುಗಿಡದ ಮೊಗ್ಗಿನೊಳಗಿನ ಗಂಡುಭಾಗವನ್ನು ಉಗುರಿನಿಂದ ತೆಗೆದಿರುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡುಹೂವು ತಂದು ಅದಕ್ಕೆ ಮುಟ್ಟಿಸಿ, ತೊಟ್ಟಿಗೆ ಒಂದು ದಾರ ಕಟ್ಟುತ್ತಾರೆ. ದಾರವಿದ್ದ ಕಾಯಿಯಷ್ಟೇ ಬೀಜಕ್ಕೆ ಹೋಗುತ್ತದೆ, ಉಳಿದದ್ದನ್ನು ಕಿತ್ತು ಒಗೆಯುತ್ತಾರೆ. ಇಪ್ಪತ್ತು ಹೆಣ್ಣುಮಕ್ಕಳ ತಂಡಕ್ಕೆ ಮಂಗಳವ್ವ ಮುಂದಾಳು. ಹದಿನಾಲ್ಕು ವರ್ಷದಲ್ಲಿ ಅವಳ ತಂಡ ಮಾಡಿದ ಹೊಲದ ಬೀಜ ಒಮ್ಮೆಯೂ ಫೇಲಾಗಿರಲಿಲ್ಲ. ಹೋದ ವರ್ಷ ಹೊಸದಾಗಿ ಸೇರಿದ ಮೇಘಾ ಎಂಬ ಹುಡುಗಿ ಬೇಗ ಮುಗಿಸುವ ಆಸೆಗೆ, ಹೂವು ಮುಟ್ಟಿಸದೆಯೇ ಒಂದು ಸಾಲಿಗೆ ದಾರ ಕಟ್ಟಿಕೊಂಡು ಹೋಗಿದ್ದಳು. ಸುಳ್ಳು ದಾರ. ಮಂಗಳವ್ವ ಬೈಯಲಿಲ್ಲ. ಅವಳ ಜೊತೆ ತಾನೂ ಬಗ್ಗಿ, ಅಷ್ಟೂ ದಾರ ಬಿಚ್ಚಿಸಿದ್ದಳು.

"ಯವ್ವಾ, ನನ್ನ ಹೆಸರು ತೆಗದಾರ. ನಾಳೆ ನಿನ್ನ ಕರ್ಕೊಂಡು ಬಾ ಅಂದಾರ. ಸಹಿ ಬೇಕಂತ," ಎಂದಳು ನೀಲಾ.

"ಯಾತರ ಸಹಿ?"

"ನಾನಾಗೇ ಬಿಟ್ಟೇನಿ ಅಂತ."

ಮಂಗಳವ್ವ ಕೈಯಲ್ಲಿದ್ದ ಗಂಡುಹೂವನ್ನು ಎದುರಿನ ಹೂವಿಗೆ ಮುಟ್ಟಿಸಿ, ದಾರ ಕಟ್ಟಿ, ಆಮೇಲೆ "ಬರ್ತೇನಿ" ಎಂದಳು.

ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಹಾಳೆ ಇತ್ತು. ಹಳೆಯ ಕ್ಯಾಲೆಂಡರಿನ ಬೆನ್ನು. ಕಾಲೇಜು ಸೇರುವ ಹಿಂದಿನ ದಿನ ನೀಲಾ ಅದರ ಮೇಲೆ ಮೂರು ವರ್ಷದ ಕೆಲಸ ಬರೆದಿದ್ದಳು. ನಾಲ್ಕನೇ ಇಯತ್ತೆಯವರೆಗೆ ಕಲಿತ ತಾಯಿಗೆ ಅಷ್ಟು ಸಣ್ಣ ಅಕ್ಷರ ಓದಲಾಗುವುದಿಲ್ಲವೆಂದು, ಅವ್ವನ ಚೀಲದಿಂದಲೇ ಕ್ರಾಸಿಂಗ್ ದಾರ ತೆಗೆದು ಒಂದೊಂದು ವರ್ಷಕ್ಕೆ ಒಂದೊಂದು ಬಣ್ಣ ಹೊಲಿದಿದ್ದಳು. ಒಂದರ ತುದಿಯನ್ನು ಮುಂದಿನದಕ್ಕೆ ಗಂಟು ಹಾಕಿದ್ದಳು.

ಮೊದಲ ವರ್ಷ ಕೆಂಪು: ಬ್ಯಾಡಗಿ ಮಾರುಕಟ್ಟೆ ನೋಡುವುದು. ಪುಸ್ತಕದಲ್ಲಿ 'ಬೆಲೆ ನಿರ್ಧಾರ' ಎಂದು ಓದಿದ್ದನ್ನು ಕಣ್ಣಿಂದ ಕಾಣಬೇಕಿತ್ತು ಅವಳಿಗೆ. ರಜೆಯ ದಿನಗಳಲ್ಲಿ ಹೋಗಿ ಮೆಣಸಿನಕಾಯಿ ರಾಶಿಗಳ ನಡುವೆ ನಿಂತಳು. ಒಂದು ರಾಶಿಗೆ ಯಾಕೆ ಹೆಚ್ಚು, ಪಕ್ಕದ್ದಕ್ಕೆ ಯಾಕೆ ಕಡಿಮೆ ಎಂದು ದಲಾಲರನ್ನು ಕಾಡಿದಳು. ಘಾಟಿಗೆ ಸೀನಿ ಸೀನಿ ಮೂಗು ಕೆಂಪಾಗಿ ಮನೆಗೆ ಬಂದಾಗ ಅಪ್ಪ ಗುಡದಪ್ಪ, "ಪರೀಕ್ಷಾಕ್ಕ ಸೀನೂದೂ ಬರ್ತೈತೇನವಾ?" ಎಂದು ನಕ್ಕಿದ್ದ. ಅವಳ ನೋಟ್‌ಬುಕ್ ಮಾತ್ರ ತುಂಬಿತ್ತು.

ಎರಡನೇ ವರ್ಷ ಹಳದಿ: ಬೀಜದ ಕಂಪನಿಯ ಕಚೇರಿ. ಕರಾರು ಹೇಗೆ ಬರೆಯುತ್ತಾರೆ, ಹೊಲ ಪಾಸೋ ಫೇಲೋ ಎಂದು ಯಾರು ಹೇಳುತ್ತಾರೆ, ಅದನ್ನು ಒಳಗೆ ಕೂತು ಕಲಿಯುವುದು.

ಮೂರನೇ ವರ್ಷ ಹಸಿರು: ನಡುವೆ ಏಜೆಂಟ್ ಇಲ್ಲದೆ ಐರಣಿಯ ಹೆಣ್ಣುಮಕ್ಕಳೇ ಕಂಪನಿಯ ಜೊತೆ ನೇರ ಕರಾರು ಮಾಡಿಕೊಳ್ಳುವ ತಂಡ ಕಟ್ಟುವುದು. ಆ ಸಾಲಿನ ಕೆಳಗೆ ಮುಂದಾಳು ಎಂದು ಬರೆದು, ಎದುರಿಗೆ ಮಂಗಳವ್ವ ಎಂದಿತ್ತು. ಆ ಒಂದು ಹೆಸರನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಮಂಗಳವ್ವ ದಿನಾ ದೀಪ ಹಚ್ಚುವಾಗ ಅದನ್ನು ಓದುತ್ತಿದ್ದಳು, ಯಾರೂ ನೋಡದ ಹಾಗೆ.

ಮರುದಿನ ಮಂಗಳವ್ವ ರಾಣೆಬೆನ್ನೂರಿಗೆ ಬಂದು, ಬಸ್ಸು ಬದಲಿಸಿ ಹಾವೇರಿಯಲ್ಲಿ ಇಳಿದಾಗ ನೀಲಾ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದಳು. ಕಣ್ಣು ಊದಿತ್ತು.

"ಕಂಪನಿಯವರು ಒಲ್ಲೆ ಅಂದಾರೇನು?"

"ಇಲ್ಲವಾ. ಸಂದರ್ಶನದಾಗ ನಾಗಲಕ್ಷ್ಮಿ ಮೇಡಂ ಒಂದೇ ಪ್ರಶ್ನೆ ಕೇಳಿದ್ರು. ಎಲ್ಲಾ ಸರಿ ಇದ್ದ ಹೊಲದ ಬೀಜ ಯಾಕ ಫೇಲ್ ಆಕ್ಕೈತಿ ಅಂತ. ಒಬ್ಬಂವ ಮಳಿ ಅಂದ, ಒಬ್ಬಂವ ಗೊಬ್ಬರ ಅಂದ. ನಾ ಸುಳ್ಳು ದಾರ ಅಂದೆ. ಅಲ್ಲೇ ನನ್ನ ಹೆಸರು ಬರಕೊಂಡ್ರು. ಈಗ ನಾನಾಗೇ ಬಿಟ್ಟೇನಂತ ಕಾಗದಾ ಕೊಟ್ರಷ್ಟ ಬೇರೆಯವರನ್ನ ತಗೋತೇನಿ ಅಂದಾರಂತ ಅವರು."

"ಮತ್ತ್ಯಾಕ ಅಳತಿ?"

"ಇಂಟರ್ನಲ್ ಮಾರ್ಕ್ಸ್ ದುರ್ಗೇಶ ಸರ್ ಕೈಯಾಗ ಅದಾವು, ಸಹಿ ಮಾಡ್ಲಿಲ್ಲಂದ್ರ ನೋಡ್ಕೋ ಅಂದಾರ. ಬಿಟ್ಟುಬಿಡೂಣು ಬೇ. ಮುಂದ ನೋಡಿದ್ರಾತು."

ಮಗಳ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಮಾರ್ಕ್ಸ್ ಹೋದರೆ ಡಿಗ್ರಿ ಹೋಗುತ್ತದೆ, ಹಳದಿ ಹೋದರೆ ಹಸಿರು ಹೋಗುತ್ತದೆ. ಕಾಲೇಜಿನಲ್ಲಿ ಬಿಳಿ ಬಳಿದ ನೋಟಿಸ್ ಬೋರ್ಡು ದಾಟಿ ಮೆಟ್ಟಿಲು ಹತ್ತುವವರೆಗೂ ಮಂಗಳವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

ವಿಭಾಗದ ಮುಖ್ಯಸ್ಥ ದುರ್ಗೇಶ ಸರ್ ಕೋಣೆಯಲ್ಲಿ ಇನ್ನೊಬ್ಬರೂ ಕೂತಿದ್ದರು. ಇಸ್ತ್ರಿ ಕೆಡದ ಬಿಳಿ ಅಂಗಿ, ಮೈಯಿಂದ ತೆಳ್ಳಗೆ ಮೆಣಸಿನಕಾಯಿ ಘಾಟು. ಮಧುವಿನ ಅಪ್ಪ, ಬ್ಯಾಡಗಿಯ ದಲಾಲಿ ಅಂಗಡಿಯ ಮನೋಹರ.

"ಬರ್ರಿ ಯವ್ವಾ, ಕುಂದ್ರಿ," ಎಂದರು ಮನೋಹರ, ಕೋಣೆ ತಮ್ಮದೇ ಎಂಬಂತೆ. ನೀಲಾಳನ್ನು ನೋಡಿ ನಕ್ಕರು. "ಓಹೋ, ಈ ಹುಡುಗೀನ? ನಮ್ಮ ಅಂಗಡಿ ಮುಂದ ಇಡೀ ದಿನಾ ನಿಂತು ತಲಿ ತಿಂದಿತ್ತು. ಭಾಳ ಶಾಣ್ಯಾ ಐತಿ ಬಿಡ್ರಿ ನಿಮ್ಮ ಕೂಸು."

"ಹೌದ್ರಿ ಸಾವ್ಕಾರ್ರ. ನಿಮ್ಮ ಮಗಾನೂ ಅಲ್ಲೇ ನಿಂತಿದ್ನೇನ್ರಿ?"

ಮನೋಹರ ಕೆಮ್ಮಿದರು. "ಅಂವಗ ಘಾಟು ಆಗಿಬರೂದಿಲ್ರಿ."

ದುರ್ಗೇಶ ಸರ್ ಕಾಗದವೊಂದನ್ನು ಮುಂದೆ ಸರಿಸಿ, ಮೇಲೆ ಪೆನ್ನಿಟ್ಟರು. "ನೋಡ್ರಿ ಅವ್ವಾರ, ಸಣ್ಣ ವಿಚಾರ. ಕಚೇರಿ ಕೆಲಸಾ ಅಂದ್ರ ಹುಡುಗರಿಗೆ ಸರಿ ಆಕ್ಕೈತಿ. ನಿಮ್ಮ ಮಗಳಿಗೆ ಇಲ್ಲೇ ಲೈಬ್ರರಿಯಾಗ ಏನರ ಕೊಡ್ತೇವಿ. ಇಲ್ಲೊಂದು ಸಹಿ ಹಾಕ್ರಿ, ಕೆಳಗ ಆಕಿ ಹಾಕ್ಲಿ."

"ಓದಿ ಹೇಳ್ರಿ ಸರ್."

"ಅದೇನೈತ್ರಿ ಓದೂದು?"

"ಇದ್ದಷ್ಟು ಓದ್ರಿ."

ಸರ್ ಬೇಸರದಿಂದ ಓದಿದರು. "ಮನೆಯ ಅಡಚಣೆಯಿಂದಾಗಿ ನಾವು ಸ್ವಂತ ಇಚ್ಛೆಯಿಂದ ತರಬೇತಿ ಬಿಡುತ್ತಿದ್ದೇವೆ. ಇದರಲ್ಲಿ ಯಾರ ಒತ್ತಾಯವೂ ಇರುವುದಿಲ್ಲ."

"ನಮ್ಮನಿ ಅಡಚಣಿ ಯಾವುದ್ರಿ ಸರ್? ನನಗ ಗೊತ್ತಿಲ್ಲದ್ದು ನಿಮಗ ಹೆಂಗ ಗೊತ್ತಾತು?"

"ಹಂಗ ಬರಿಯೂದು ಪದ್ಧತಿರಿ."

ಮಂಗಳವ್ವ ಪೆನ್ನು ಎತ್ತಿಕೊಂಡಳು. ಮನೋಹರ ಕುರ್ಚಿಗೆ ಒರಗಿದರು. ಹತ್ತಿ ಮೊಗ್ಗಿನ ರಸ ಕಟ್ಟಿ ಕಪ್ಪಾದ ಉಗುರುಗಳ ನಡುವೆ ಆ ನೀಲಿ ಪೆನ್ನನ್ನು ಮಂಗಳವ್ವ ಒಂದು ಸಲ ತಿರುಗಿಸಿ ನೋಡಿದಳು.

"ಸರ್, ನಾ ದಿನಾ ಸಾವಿರ ದಾರ ಕಟ್ಟಾಕಿ. ದಾರ ಅಂದ್ರ ನನ್ನ ಸಹಿ ಇದ್ದಂಗ. ಈ ಹೂವಿಗೆ ನಾ ಕೆಲಸಾ ಮಾಡೇನಿ, ಇದು ಖರೇ ಐತಿ ಅಂತ. ಎಲ್ಲೋ ದೂರದ ಊರಿನ ರೈತ ಆ ಬೀಜಾ ನಂಬಿ ಬಿತ್ತತಾನ, ನನ್ನ ಮಾರಿ ನೋಡಿರೂದಿಲ್ಲ ಅಂವ. ಇಲ್ಲೀತನಕ ಒಂದು ಸುಳ್ಳು ದಾರ ಕಟ್ಟಿಲ್ಲ ನಾನು. ಕಟ್ಟಿದಾಕಿ ಕೈಲೆ ಬಿಚ್ಚಿಸೇನಿ."

ಅವಳು ಪೆನ್ನಿಗೆ ಮುಚ್ಚಳ ಹಾಕಿ ಕಾಗದದ ಮೇಲಿಟ್ಟಳು.

"ಬೋರ್ಡಿನ್ಯಾಗ ನೀವು ಬಳಿದೀರಲ್ಲ ಬಿಳೇದು, ಅದನ್ನ ನೀವ ಕೆರೀರಿ. ಅದರ ಕೆಳಗ ನನ್ನ ಮಗಳ ಹೆಸರು ಇನ್ನೂ ಐತಿ."

ದುರ್ಗೇಶ ಸರ್ ಮುಖ ಕೆಂಪಾಯಿತು. "ಯೋಚನಿ ಮಾಡಿ ಮಾತಾಡ್ರಿ. ಇನ್ನೂ ಮೂರನೇ ವರ್ಷ ಐತಿ ಆಕಿಗೆ."

"ಅದನ್ನ ಆಕಿ ಆಗಲೇ ಯೋಚನಿ ಮಾಡಿ ಗ್ವಾಡಿಗೆ ಹಚ್ಚ್ಯಾಳ್ರಿ. ನೀವು ಹೆದರಿಸಿದ್ದನ್ನೂ ನಾಗಲಕ್ಷ್ಮಿ ಮೇಡಂ ಮುಂದ ಹೇಳಾಕಿ ನಾನು, ಹೋಗೂ ದಾರ್‍ಯಾಗ ಅವರ ಕಚೇರಿ ಐತಿ."

ಮನೋಹರ ಎದ್ದು ಕಿಟಕಿಯ ಕಡೆ ನೋಡತೊಡಗಿದರು. ಸರ್ ಒಮ್ಮೆಲೇ ದನಿ ಮೆತ್ತಗೆ ಮಾಡಿ ನೀಲಾಳ ಕಡೆ ತಿರುಗಿದರು.

"ನೀನರ ಹೇಳವಾ ನಿಮ್ಮವ್ವಗ. ನೀ ಕಲಿತಾಕಿ, ಶಾಣ್ಯಾಕಿ. ಸಹಿ ಮಾಡು ಅಂತ ತಿಳಿಸಿ ಹೇಳು."

ನೀಲಾ ತಾಯಿಯನ್ನು ನೋಡಿದಳು. ಮಂಗಳವ್ವ ಅವಳನ್ನು ನೋಡಲಿಲ್ಲ. ಸಾಲಿನ ತುದಿಯಲ್ಲಿ ನಿಂತು ತಂಡದವರಿಗೆ ಕಾಯುವವಳಂತೆ ನೆಟ್ಟಗೆ ನಿಂತಿದ್ದಳು, ಕೈ ಖಾಲಿ ಬಿಟ್ಟು. ನೀಲಾ ಕಣ್ಣು ಒರೆಸಿಕೊಂಡು ತಾಯಿಯ ಪಕ್ಕಕ್ಕೆ ಬಂದಳು.

"ಹೇಳೂದಿಲ್ರಿ ಸರ್," ಎಂದಳು. "ನಾನೂ ಮಾಡೂದಿಲ್ಲ."